ಈ ಟೇಬಲ್ ಅಳಿಸಬಹುದಾ? ಆಕ್ಸೆಸ್ ಫೈಲ್‌ನಲ್ಲಿ ಜಾಡು ಹಿಡಿಯುವ ಬಗೆ

ಶಿಡ್ಲಘಟ್ಟದ ಹತ್ತಿರ ಒಂದು ಚಾಕಿ ಕೇಂದ್ರವಿದೆ. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ಕಳೆಯುವವರೆಗೆ ಸಾಕಿ, ಆಮೇಲೆ ಹುಳು ರೈತರಿಗೆ ಕೊಡುತ್ತಾರೆ. ಯಾರು ಎಷ್ಟು ನೂರು ಮೊಟ್ಟೆಗೆ ಹೇಳಿದ್ದಾರೆ, ತಳಿ ಸಿಬಿಯೋ (ಮಿಶ್ರ ತಳಿ) ಬೈವೋಲ್ಟಿನೋ, ಮುಂಗಡ ಎಷ್ಟು, ಬಾಕಿ ಎಷ್ಟು, ಎಲ್ಲ ಲೆಕ್ಕವೂ ಒಂದು ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್‌ನಲ್ಲಿದೆ. ಯಾರೋ ಬರೆದದ್ದು, ಇನ್ಯಾರೋ ತೇಪೆ ಹಾಕಿದ್ದು, ಈಗ ನೋಡಿಕೊಳ್ಳುತ್ತಿರುವವನು ನಾನು. ಚಿಕ್ಕಬಳ್ಳಾಪುರದಿಂದ ವಾರಕ್ಕೊಮ್ಮೆ ಬೈಕ್‌ನಲ್ಲಿ ಹೋಗಿ ಬರುತ್ತೇನೆ.

ಒಂದು ಭಾನುವಾರ ಸುಮ್ನೆ ಕೂತಿದ್ದೆ. ಫೈಲ್ ಸ್ವಚ್ಛ ಮಾಡೋಣ ಅನ್ನಿಸಿತು. 43 ಟೇಬಲ್ (ಲೆಕ್ಕದ ಪಟ್ಟಿ) ಇದ್ದವು. ಅದರಲ್ಲಿ ‘ರೇಟ್ ಓಲ್ಡ್’ ಅಂತ ಒಂದು. ಹೆಸರಲ್ಲೇ ಹಳೆಯದು ಅಂತಿದೆ, ಪಕ್ಕದಲ್ಲೇ ‘ರೇಟ್’ ಅನ್ನೋ ಹೊಸ ಟೇಬಲ್ ಇದೆ. ಆಕ್ಸೆಸ್‌ನ ಆಬ್ಜೆಕ್ಟ್ ಡಿಪೆಂಡೆನ್ಸೀಸ್, ಅಂದರೆ ಯಾವುದು ಯಾವುದನ್ನು ನಂಬಿಕೊಂಡಿದೆ ಅಂತ ತೋರಿಸುವ ಪಟ್ಟಿ, ತೆರೆದು ನೋಡಿದೆ. ಯಾವ ಫಾರ್ಮೂ ಇಲ್ಲ, ಯಾವ ರಿಪೋರ್ಟೂ ಇಲ್ಲ. ಅಳಿಸಿಬಿಟ್ಟೆ.

ಸೋಮವಾರ ಬೆಳಗ್ಗೆ ಐದೂವರೆಗೆ ಫೋನ್. ಕಂಪ್ಯೂಟರ್ ಮುಂದೆ ಕೂರುವ ಹುಡುಗಿ. ‘ಸಾರ್, ಚೀಟೀಲಿ ರೇಟೇ ಬರ್ತಿಲ್ಲ. ಹ್ಯಾಶ್ ಹಾಕಿ ಎರರ್ ಅಂತ ಬರ್ತಿದೆ.’ ಹುಳು ಸಾಗಿಸುವುದು ತಂಪು ಹೊತ್ತಲ್ಲೇ. ಟ್ರೇ ಹಿಡಿದುಕೊಂಡು ರೈತರು ಸಾಲಾಗಿ ನಿಂತಿದ್ದಾರೆ. ಹಿಂದಿನಿಂದ ಯಜಮಾನರು ತೆಲುಗಿನಲ್ಲಿ ಏನೋ ಅನ್ನುತ್ತಿದ್ದರು, ಅದನ್ನು ಇಲ್ಲಿ ಬರೆಯುವುದು ಬೇಡ. ಆವತ್ತಿನ ಚೀಟಿ ಅಷ್ಟನ್ನೂ ಆ ಹುಡುಗಿ ಕೈಯಲ್ಲೇ ಬರೆದಳು.

ಆಮೇಲೆ ಹೋಗಿ ನೋಡಿದರೆ ಆಗಿದ್ದು ಇಷ್ಟೇ. ಹಳೇ ದರದಲ್ಲಿ ಮುಂಗಡ ಕೊಟ್ಟವರಿಗೆ ಹಳೇ ದರವೇ ಹಾಕಬೇಕು. ಅದಕ್ಕಾಗಿ ಚೀಟಿಯ ರಿಪೋರ್ಟ್‌ನಲ್ಲಿ ಒಂದು ಪುಟ್ಟ ಟೆಕ್ಸ್ಟ್ ಬಾಕ್ಸ್. ಅದರೊಳಗೆ ಟೇಬಲ್ ಒಂದರಿಂದ ಬೇಕಾದ್ದನ್ನು ಹುಡುಕಿ ತರುವ ಡಿ-ಲುಕಪ್ ಅನ್ನೋ ಫಂಕ್ಷನ್. ಅದರೊಳಗೆ ಕೋಟ್ ಮಾರ್ಕ್‌ಗಳ ನಡುವೆ ಟೇಬಲ್ ಹೆಸರು. ಆಕ್ಸೆಸ್ ಕಣ್ಣಿಗೆ ಅದು ಟೇಬಲ್ ಅಲ್ಲ, ಬರೀ ಅಕ್ಷರ. ಹಾಗಾಗಿ ಡಿಪೆಂಡೆನ್ಸೀಸ್ ಪಟ್ಟಿಯಲ್ಲಿ ಬರಲೇ ಇಲ್ಲ.

ಆವತ್ತಿನಿಂದ ನಾನು ಟೇಬಲ್ ಮುಟ್ಟುವ ಮುಂಚೆ ಒಂದು ಕ್ರಮದಲ್ಲಿ ಹುಡುಕುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲವನ್ನೂ ಒಂದೇ ಏಟಿಗೆ ತೋರಿಸುವ ಗುಂಡಿ ಆಕ್ಸೆಸ್‌ನಲ್ಲಿ ಇಲ್ಲ. ಇರುವ ಒಂದೊಂದು ಸಾಧನಕ್ಕೂ ಒಂದೊಂದು ಕಡೆ ಕುರುಡು. ಯಾವುದು ಎಲ್ಲಿ ಕುರುಡು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಒಂದು ಮಾತು. ನಮ್ಮ ಫೈಲ್‌ನಲ್ಲಿ ಟೇಬಲ್ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇವೆ, ಇಲ್ಲಿ ಓದಲು ಸಲೀಸಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಟೇಬಲ್‌ಗೆ ಕನ್ನಡದಲ್ಲೇ ಹೆಸರಿಡಲು ಆಕ್ಸೆಸ್ ಬಿಡುತ್ತದೆ. ಆದರೆ ವಿಬಿಎ (ಆಕ್ಸೆಸ್ ಒಳಗಿನ ಪ್ರೋಗ್ರಾಂ ಭಾಷೆ) ಕೋಡ್ ಬರೆಯುವ ಕಿಟಕಿಗೆ ನಮ್ಮ ಲಿಪಿ ಗೊತ್ತಿಲ್ಲ. ಕನ್ನಡ ಹೆಸರು ಅಲ್ಲಿಗೆ ಹೋದರೆ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತದೆ. ಆಮೇಲೆ ಹುಡುಕುವುದು ಹೇಗೆ? ಹಾಗಾಗಿ ಹೆಸರು ಇಂಗ್ಲಿಷ್‌ನಲ್ಲಿರಲಿ, ಪರದೆ ಮೇಲೆ ಕಾಣುವ ಲೇಬಲ್ ಕನ್ನಡದಲ್ಲಿರಲಿ.

ಮೊದಲು ನಕಲು, ಅದರಲ್ಲೂ ಬೀಳಲು ಒಂದು ಹಳ್ಳ ಇದೆ

ಹುಡುಕಾಟ ಎಲ್ಲವೂ ನಕಲಿನ ಮೇಲೆ. ಎಲ್ಲರೂ ಫೈಲ್ ಮುಚ್ಚಿದ ಮೇಲೆ ಕಾಪಿ ಮಾಡಿ, ಹೆಸರಿಗೆ ಆವತ್ತಿನ ತಾರೀಕು ಸೇರಿಸಿ ಬೇರೆ ಫೋಲ್ಡರ್‌ನಲ್ಲಿಡಿ. ಇಷ್ಟು ಎಲ್ಲರಿಗೂ ಗೊತ್ತು.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸ್ವಲ್ಪ ದೊಡ್ಡ ಫೈಲ್‌ಗಳನ್ನು ಸಾಮಾನ್ಯವಾಗಿ ಎರಡು ಭಾಗ ಮಾಡಿರುತ್ತಾರೆ. ಡೇಟಾ ಇರುವ ಬ್ಯಾಕ್ ಎಂಡ್ ಒಂದು, ಫಾರ್ಮ್ ಮತ್ತು ರಿಪೋರ್ಟ್ ಇರುವ ಫ್ರಂಟ್ ಎಂಡ್ ಇನ್ನೊಂದು. ಫ್ರಂಟ್ ಎಂಡ್‌ನಲ್ಲಿ ಕಾಣುವ ಟೇಬಲ್‌ಗಳು ಬರೀ ಲಿಂಕ್. ನೀವು ಎರಡನ್ನೂ ಕಾಪಿ ಮಾಡಿದರೂ, ನಕಲು ಫ್ರಂಟ್ ಎಂಡ್‌ನ ಲಿಂಕ್‌ಗಳು ಇನ್ನೂ ಅಸಲಿ ಬ್ಯಾಕ್ ಎಂಡ್‌ಗೇ ಅಂಟಿಕೊಂಡಿರುತ್ತವೆ. ನಕಲಿನಲ್ಲಿ ತಾನೇ ಅಂದುಕೊಂಡು ಒಂದು ಡಿಲೀಟ್ ಕ್ವೆರಿ (ಸಾಲು ಅಳಿಸುವ ಆಜ್ಞೆ) ಓಡಿಸಿದರೆ ಅಸಲಿ ಲೆಕ್ಕವೇ ಹೋಗುತ್ತದೆ.

ಹಾಗಾಗಿ ನಕಲು ತೆರೆದ ತಕ್ಷಣ ಎಕ್ಸ್‌ಟರ್ನಲ್ ಡೇಟಾ ಟ್ಯಾಬ್‌ಗೆ ಹೋಗಿ, ಲಿಂಕ್ಡ್ ಟೇಬಲ್ ಮ್ಯಾನೇಜರ್ ತೆರೆಯಿರಿ. ಎಲ್ಲ ಟೇಬಲ್ ಆರಿಸಿ, ನಕಲು ಬ್ಯಾಕ್ ಎಂಡ್ ಇರುವ ಜಾಗ ತೋರಿಸಿ. ಮುಗಿದ ಮೇಲೆ ಯಾವುದಾದರೂ ಒಂದು ಟೇಬಲ್ ಹೆಸರಿನ ಮೇಲೆ ಮೌಸ್ ಇಟ್ಟು ಹಾದಿ ಓದಿ. ನಕಲಿನ ಫೋಲ್ಡರ್ ಕಂಡರೆ ಮಾತ್ರ ಮುಂದಕ್ಕೆ.

ಫೈಲ್ ತೆರೆದ ಕೂಡಲೇ ಮೆನು ಫಾರ್ಮ್ ಬಂದು ಬೇರೇನೂ ಕಾಣದಂತೆ ಮಾಡಿದ್ದಾರಾ? ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು ತೆರೆಯಿರಿ. ಆ ದಾರಿಯನ್ನು ಬೇಕಂತಲೇ ಮುಚ್ಚಿರದಿದ್ದರೆ ಒಳಗೆ ಹೋಗಬಹುದು. ಫೈಲ್ ಹೆಸರಿನ ಕೊನೆಯಲ್ಲಿ ಎಸಿಸಿಡಿಬಿ ಬದಲು ಎಸಿಸಿಡಿಇ ಇದ್ದರೆ ಫಾರ್ಮ್‌ಗಳ ಡಿಸೈನ್ ತೆರೆಯುವುದಿಲ್ಲ, ಕೋಡೂ ಕಾಣುವುದಿಲ್ಲ. ಆಗ ಬರೆದವರ ಹತ್ತಿರ ಮೂಲ ಫೈಲ್ ಕೇಳುವುದೊಂದೇ ದಾರಿ.

ಎಲ್ಲೆಲ್ಲಿ ಅಡಗಿರಬಹುದು

ಒಂದು ಟೇಬಲ್ ಹೆಸರು ಫೈಲ್‌ನಲ್ಲಿ ಎಲ್ಲೆಲ್ಲಿ ಇರಬಹುದು ಅಂತ ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕ್ವೆರಿಗಳು, ಅಂದರೆ ಟೇಬಲ್ ಓದುವ, ತಿದ್ದುವ ಆಜ್ಞೆಗಳು, ಎಲ್ಲರಿಗೂ ನೆನಪಾಗುತ್ತವೆ. ಫಾರ್ಮ್ ಮತ್ತು ರಿಪೋರ್ಟ್‌ನ ರೆಕಾರ್ಡ್ ಸೋರ್ಸ್ (ಅದಕ್ಕೆ ಡೇಟಾ ಎಲ್ಲಿಂದ ಬರಬೇಕು ಅನ್ನುವ ಪ್ರಾಪರ್ಟಿ) ಕೂಡ ನೆನಪಾಗುತ್ತದೆ. ಕಾಂಬೋ ಬಾಕ್ಸ್, ಲಿಸ್ಟ್ ಬಾಕ್ಸ್, ಚಾರ್ಟ್ ಇವುಗಳ ರೋ ಸೋರ್ಸ್ ಅರ್ಧ ಜನಕ್ಕೆ ಮರೆತುಹೋಗುತ್ತದೆ. ಟೆಕ್ಸ್ಟ್ ಬಾಕ್ಸ್‌ನ ಕಂಟ್ರೋಲ್ ಸೋರ್ಸ್‌ನಲ್ಲಿ ಡಿ-ಲುಕಪ್, ಡಿ-ಸಮ್, ಡಿ-ಕೌಂಟ್ ಕೂತಿರುತ್ತವೆ, ನನ್ನನ್ನು ಬೀಳಿಸಿದ್ದು ಇದೇ. ಇನ್ನೊಂದು ಟೇಬಲ್‌ನ ಲುಕಪ್ ಕಾಲಂನಲ್ಲೂ ಇರಬಹುದು. ಮ್ಯಾಕ್ರೋಗಳಲ್ಲಿ, ಬಟನ್‌ನ ಒಳಗೇ ಅಡಗಿಸಿಟ್ಟ ಮ್ಯಾಕ್ರೋಗಳಲ್ಲಿ, ಆಕ್ಸೆಸ್ 2010ರಿಂದ ಬಂದ ಡೇಟಾ ಮ್ಯಾಕ್ರೋಗಳಲ್ಲಿ ಇರಬಹುದು. ವಿಬಿಎ ಕೋಡ್‌ನಲ್ಲಂತೂ ಎಲ್ಲಿ ಬೇಕಾದರೂ. ಕೊನೆಗೆ, ಈ ಫೈಲ್‌ನಲ್ಲೇ ಇಲ್ಲದೆ, ಹೊರಗಿನ ಒಂದು ಎಕ್ಸೆಲ್ ಶೀಟ್‌ನಲ್ಲಿ.

ಮೊದಲ ಸುತ್ತು: ಆಕ್ಸೆಸ್ ತಾನೇ ಹೇಳುವುದು

ಡೇಟಾಬೇಸ್ ಟೂಲ್ಸ್ ಟ್ಯಾಬ್‌ನಲ್ಲಿ ರಿಲೇಶನ್‌ಶಿಪ್ಸ್ ತೆರೆಯಿರಿ. ಅಲ್ಲಿ ಆಲ್ ರಿಲೇಶನ್‌ಶಿಪ್ಸ್ ಒತ್ತದಿದ್ದರೆ ಯಾರೋ ಹಿಂದೆ ಮರೆಮಾಡಿದ ಗೆರೆಗಳು ಕಾಣುವುದಿಲ್ಲ. ನಿಮ್ಮ ಟೇಬಲ್‌ಗೆ ಗೆರೆ ಬಂದಿದ್ದರೆ ಬರೆದಿಟ್ಟುಕೊಳ್ಳಿ.

ಅದರ ಪಕ್ಕದಲ್ಲೇ ಆಬ್ಜೆಕ್ಟ್ ಡಿಪೆಂಡೆನ್ಸೀಸ್ ಇದೆ. ಆಕ್ಸೆಸ್ 2003ರಲ್ಲಿ ಬಂದದ್ದು. ಟೇಬಲ್ ಆರಿಸಿ ಇದನ್ನು ಒತ್ತಿದರೆ ಬಲಗಡೆ ಒಂದು ಪಟ್ಟಿ ಬರುತ್ತದೆ. ಮೇಲೆ ಎರಡು ಆಯ್ಕೆ: ‘ನನ್ನನ್ನು ನಂಬಿಕೊಂಡವರು ಯಾರು’, ‘ನಾನು ಯಾರನ್ನು ನಂಬಿಕೊಂಡಿದ್ದೇನೆ’ ಅನ್ನುವ ಅರ್ಥದವು. ನಮಗೆ ಬೇಕಾದ್ದು ಮೊದಲನೆಯದು.

ಇದು ಕೆಲಸ ಮಾಡಬೇಕಾದರೆ, ಹೆಸರು ಬದಲಾದರೆ ಜಾಡು ಹಿಡಿಯುವ ನೇಮ್ ಆಟೋಕರೆಕ್ಟ್‌ನ ಟ್ರ್ಯಾಕ್ ಆಯ್ಕೆ ಆನ್ ಇರಬೇಕು. ಫೈಲ್, ಆಪ್ಷನ್ಸ್, ಕರೆಂಟ್ ಡೇಟಾಬೇಸ್, ಅಲ್ಲಿಂದ ಕೆಳಗೆ ಇಳಿದರೆ ಸಿಗುತ್ತದೆ. ಆಫ್ ಇದ್ದರೆ ಆಕ್ಸೆಸ್ ತಾನೇ ಆನ್ ಮಾಡಲಾ ಅಂತ ಕೇಳುತ್ತದೆ. ದೊಡ್ಡ ಫೈಲ್ ಆದರೆ ಒಂದು ಟೀ ಕುಡಿದು ಬರುವಷ್ಟು ಹೊತ್ತು ಹಿಡಿಯಬಹುದು.

ಈ ಪಟ್ಟಿಯಲ್ಲಿ ಹೆಸರು ಬಂದರೆ ನಂಬಿ. ಬಾರದಿದ್ದರೆ ನಂಬಬೇಡಿ. ಮ್ಯಾಕ್ರೋ ಒಳಗೆ ಇದು ನೋಡುವುದಿಲ್ಲ. ವಿಬಿಎ ಒಳಗೆ ನೋಡುವುದಿಲ್ಲ. ಯೂನಿಯನ್ ಕ್ವೆರಿ (ಹಲವು ಪಟ್ಟಿ ಒಂದರ ಕೆಳಗೊಂದು ಜೋಡಿಸುವುದು), ಪಾಸ್-ಥ್ರೂ ಕ್ವೆರಿ (ಬೇರೆ ಸರ್ವರ್‌ಗೆ ನೇರ ಕಳಿಸುವುದು) ಒಳಗೂ ನೋಡುವುದಿಲ್ಲ. ಕೋಟ್ ಮಾರ್ಕ್ ನಡುವಿನ ಹೆಸರಿನ ಕತೆ ಮೇಲೆ ಹೇಳಿದೆನಲ್ಲ.

ಡೇಟಾಬೇಸ್ ಡಾಕ್ಯುಮೆಂಟರ್ ಅಂತ ಇನ್ನೊಂದು ಇದೆ. ಎಲ್ಲ ಆಬ್ಜೆಕ್ಟ್‌ಗಳ ಪ್ರಾಪರ್ಟಿಗಳನ್ನು ಪುಟಗಟ್ಟಲೆ ಸುರಿಯುತ್ತದೆ. ನಾನು ಒಂದೇ ಸಲ ಬಳಸಿದ್ದು. ಅದರಲ್ಲಿ ಹುಡುಕುವುದಕ್ಕಿಂತ ಮುಂದೆ ಹೇಳುವ ದಾರಿ ಸಲೀಸು.

ಎರಡನೇ ಸುತ್ತು: ಆಕ್ಸೆಸ್‌ನ ಗುಟ್ಟಿನ ಟೇಬಲ್‌ಗಳು

ಇದು ನನಗೆ ಬಲು ಇಷ್ಟದ ಭಾಗ. ಆಕ್ಸೆಸ್ ತನ್ನ ಲೆಕ್ಕವನ್ನೂ ಟೇಬಲ್‌ನಲ್ಲೇ ಬರೆದಿಡುತ್ತದೆ. ಎಡಗಡೆ ನ್ಯಾವಿಗೇಶನ್ ಪೇನ್‌ನ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ, ನ್ಯಾವಿಗೇಶನ್ ಆಪ್ಷನ್ಸ್‌ಗೆ ಹೋಗಿ. ಶೋ ಹಿಡನ್ ಆಬ್ಜೆಕ್ಟ್ಸ್, ಶೋ ಸಿಸ್ಟಮ್ ಆಬ್ಜೆಕ್ಟ್ಸ್ ಎರಡಕ್ಕೂ ಟಿಕ್ ಹಾಕಿ. ಮಂಕಾದ ಅಕ್ಷರದಲ್ಲಿ ಎಂ-ಸಿಸ್ ಅಂತ ಶುರುವಾಗುವ ಟೇಬಲ್‌ಗಳು ಕಾಣುತ್ತವೆ. ಓದಿ, ತಿದ್ದಲು ಹೋಗಬೇಡಿ.

ಎಂ-ಸಿಸ್-ಆಬ್ಜೆಕ್ಟ್ಸ್‌ನಲ್ಲಿ ಫೈಲ್‌ನ ಪ್ರತಿಯೊಂದು ವಸ್ತುವಿಗೂ ಒಂದು ಸಾಲು. ಟೈಪ್ ಅನ್ನೋ ಕಾಲಂನಲ್ಲಿ 1 ಇದ್ದರೆ ಇದೇ ಫೈಲ್‌ನ ಟೇಬಲ್, 6 ಇದ್ದರೆ ಲಿಂಕ್ ಆದ ಟೇಬಲ್, 4 ಇದ್ದರೆ ಓಡಿಬಿಸಿ (ಬೇರೆ ಡೇಟಾಬೇಸ್‌ಗೆ ಜೋಡಿಸುವ ಕೊಂಡಿ) ಮೂಲಕ ಲಿಂಕ್ ಆದದ್ದು. 5 ಅಂದರೆ ಕ್ವೆರಿ. ಫಾರ್ಮ್‌ಗೆ ಮೈನಸ್ 32768, ರಿಪೋರ್ಟ್‌ಗೆ ಮೈನಸ್ 32764. ಟೈಪ್ 1, 4, 6 ಮಾತ್ರ ಸೋಸಿ ಒಂದು ಕ್ವೆರಿ ಮಾಡಿದರೆ ನಿಮ್ಮ ಟೇಬಲ್‌ಗಳ ಪೂರ್ತಿ ಪಟ್ಟಿ ಸಿಕ್ಕಿತು. ಅದನ್ನು ಎಕ್ಸೆಲ್‌ಗೆ ಕಾಪಿ ಮಾಡಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ಟೇಬಲ್‌ನಲ್ಲಿ ಡೇಟ್ ಅಪ್‌ಡೇಟ್ ಅಂತ ಕಾಲಂ ಇದೆ. ಅದು ಹಳೇ ತಾರೀಕು ತೋರಿಸುತ್ತಿದೆ, ಹಾಗಾದರೆ ಯಾರೂ ಬಳಸುತ್ತಿಲ್ಲ ಅಂದುಕೊಳ್ಳಬೇಡಿ. ಟೇಬಲ್ ಅನ್ನು ಕೊನೆಗೆ ಯಾವಾಗ ಓದಿದರು ಅನ್ನುವ ಲೆಕ್ಕವನ್ನು ಆಕ್ಸೆಸ್ ಇಡುವುದೇ ಇಲ್ಲ.

ಈಗ ಅಸಲಿ ಹುಡುಕಾಟ. ಹೊಸ ಕ್ವೆರಿ ಡಿಸೈನ್ ತೆರೆದು ಎಂ-ಸಿಸ್-ಆಬ್ಜೆಕ್ಟ್ಸ್ ಮತ್ತು ಎಂ-ಸಿಸ್-ಕ್ವೆರೀಸ್ ಎರಡನ್ನೂ ಹಾಕಿ. ಮೊದಲನೆಯದರ ಐಡಿ ಎಳೆದು ಎರಡನೆಯದರ ಆಬ್ಜೆಕ್ಟ್ ಐಡಿ ಮೇಲೆ ಬಿಡಿ. ಕೆಳಗೆ ಮೊದಲನೆಯದರ ನೇಮ್, ಎರಡನೆಯದರ ಆಟ್ರಿಬ್ಯೂಟ್, ನೇಮ್1, ಎಕ್ಸ್‌ಪ್ರೆಶನ್ ಇವಿಷ್ಟು ತನ್ನಿ. ನೇಮ್1 ಕೆಳಗೆ ಕ್ರೈಟೀರಿಯಾದಲ್ಲಿ ನಿಮ್ಮ ಟೇಬಲ್ ಹೆಸರು ಬರೆಯಿರಿ. ಅದರ ಕೆಳಗಿನ ‘ಅಥವಾ’ ಸಾಲಿನಲ್ಲಿ, ಎಕ್ಸ್‌ಪ್ರೆಶನ್ ಕಾಲಂ ಕೆಳಗೆ, ಲೈಕ್ ಹಾಕಿ ಹೆಸರಿನ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಇಟ್ಟು ಅದೇ ಹೆಸರು ಬರೆಯಿರಿ. ಓಡಿಸಿ.

ಬಂದ ಸಾಲುಗಳಲ್ಲಿ ಆಟ್ರಿಬ್ಯೂಟ್ 5 ಇದ್ದರೆ, ಆ ಕ್ವೆರಿ ನಿಮ್ಮ ಟೇಬಲ್ ಬಳಸುತ್ತಿದೆ: ಸಾಮಾನ್ಯವಾಗಿ ಓದುವುದು, ಅಪ್‌ಡೇಟ್ ಅಥವಾ ಡಿಲೀಟ್ ಕ್ವೆರಿ ಆದರೆ ತಿದ್ದುವುದು. ಆಟ್ರಿಬ್ಯೂಟ್ 1 ಇದ್ದರೆ ಇನ್ನೂ ಹುಷಾರು: ಅದು ಸಾಮಾನ್ಯವಾಗಿ ಅಪೆಂಡ್ ಅಥವಾ ಮೇಕ್-ಟೇಬಲ್ ಕ್ವೆರಿ, ನಿಮ್ಮ ಟೇಬಲ್‌ಗೇ ಬರೆಯುತ್ತಿದೆ. 7 ಇದ್ದರೆ ಜೋಡಣೆಯ ಗೆರೆ. ಯೂನಿಯನ್ ಕ್ವೆರಿಗಳ ವಾಕ್ಯ ಎಕ್ಸ್‌ಪ್ರೆಶನ್ ಕಾಲಂನಲ್ಲಿ ಇರುತ್ತದೆ. ಡಿಪೆಂಡೆನ್ಸೀಸ್‌ಗೆ ಕಾಣದ್ದು ಇಲ್ಲಿ ಸಿಕ್ಕಿಬೀಳುತ್ತದೆ.

ಬಂದ ಹೆಸರುಗಳಲ್ಲಿ ಕೆಲವು ವಿಚಿತ್ರವಾಗಿರುತ್ತವೆ. ಮೊದಲು ~ ಚಿಹ್ನೆ, ಆಮೇಲೆ ಎಸ್‌ಕ್ಯೂ, ಒಂದು ಅಂಡರ್‌ಸ್ಕೋರ್, ಒಂದು ಅಕ್ಷರ, ಅದಕ್ಕೆ ಅಂಟಿಕೊಂಡು ಫಾರ್ಮ್ ಹೆಸರು. ಮೊದಲ ಸಲ ನೋಡಿದಾಗ ವೈರಸ್ ಇರಬೇಕು ಅಂದುಕೊಂಡಿದ್ದೆ. ವೈರಸ್ ಅಲ್ಲ. ಫಾರ್ಮ್‌ನ ರೆಕಾರ್ಡ್ ಸೋರ್ಸ್‌ನಲ್ಲಿ ನೇರವಾಗಿ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಬರೆದರೆ ಆಕ್ಸೆಸ್ ಅದನ್ನು ಗುಟ್ಟಾಗಿ ಒಂದು ಕ್ವೆರಿಯಾಗಿ ಇಟ್ಟುಕೊಳ್ಳುತ್ತದೆ. ಆ ಒಂಟಿ ಅಕ್ಷರ ಎಫ್ ಆದರೆ ಫಾರ್ಮ್, ಆರ್ ಆದರೆ ರಿಪೋರ್ಟ್, ಸಿ ಆದರೆ ಫಾರ್ಮ್ ಒಳಗಿನ ಕಾಂಬೋ ಅಥವಾ ಲಿಸ್ಟ್, ಡಿ ಆದರೆ ರಿಪೋರ್ಟ್ ಒಳಗಿನದು. ಹೀಗೆ ಕಾಂಬೋ ಬಾಕ್ಸ್‌ಗಳೂ ಪುಕ್ಕಟೆಯಾಗಿ ಸಿಕ್ಕವು.

ಇದರ ಕುರುಡು ಯಾವುದು? ರೆಕಾರ್ಡ್ ಸೋರ್ಸ್‌ನಲ್ಲಿ ಎಸ್‌ಕ್ಯೂಎಲ್ ಇಲ್ಲದೆ ಬರೀ ಟೇಬಲ್ ಹೆಸರು ಇದ್ದರೆ ಗುಟ್ಟಿನ ಕ್ವೆರಿ ಹುಟ್ಟುವುದಿಲ್ಲ. ಅದು ಈ ಪಟ್ಟಿಗೆ ಬರುವುದಿಲ್ಲ. ಟೆಕ್ಸ್ಟ್ ಬಾಕ್ಸ್‌ನಲ್ಲಿರುವ ಡಿ-ಲುಕಪ್ ಕೂಡ ಬರುವುದಿಲ್ಲ.

ಇನ್ನೊಂದು. ಟೇಬಲ್ ಮೇಲೆ ಒಂದು ಕ್ವೆರಿ, ಆ ಕ್ವೆರಿ ಮೇಲೆ ಇನ್ನೊಂದು ಕ್ವೆರಿ, ಅದರ ಮೇಲೆ ಫಾರ್ಮ್. ಇಂಥ ಏಣಿ ಎಲ್ಲ ಫೈಲ್‌ನಲ್ಲೂ ಇರುತ್ತದೆ. ಸಿಕ್ಕ ಒಂದೊಂದು ಕ್ವೆರಿಯ ಹೆಸರು ಹಾಕಿ ಇದೇ ಹುಡುಕಾಟ ಮತ್ತೆ ಮಾಡಬೇಕು, ಏಣಿಯ ಕೊನೇ ಮೆಟ್ಟಿಲು ಸಿಗುವವರೆಗೆ. ಬೇಜಾರಿನ ಕೆಲಸ. ಆದರೆ ಕೊನೇ ಮೆಟ್ಟಿಲಲ್ಲಿ ಯಾವ ಫಾರ್ಮೂ ಇಲ್ಲದೆ ಕ್ವೆರಿ ಒಂಟಿಯಾಗಿ ನಿಂತಿದ್ದರೆ, ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಬಹುದು. ಒಂದೇ ಕೆಲಸದಲ್ಲಿ ಎರಡು ಲಾಭ.

ಮೂರನೇ ಸುತ್ತು: ಎಲ್ಲವನ್ನೂ ಅಕ್ಷರ ಮಾಡಿ ಸುರಿಯುವುದು

ಒಂದೇ ಸುತ್ತಿಗೆ ಸಮಯ ಇದೆ ಅನ್ನುವವರು ಇದನ್ನೇ ಮಾಡಿ. ಆಕ್ಸೆಸ್ ಒಳಗೆ ಸೇವ್-ಆಸ್-ಟೆಕ್ಸ್ಟ್ ಅನ್ನುವ ಆಜ್ಞೆ ಇದೆ. ಸಹಾಯದ ಪುಟಗಳಲ್ಲಿ ಇದರ ವಿವರ ಹುಡುಕಿ ಸುಸ್ತಾಗಬೇಡಿ, ಮೈಕ್ರೋಸಾಫ್ಟ್ ಇದನ್ನು ಅಧಿಕೃತವಾಗಿ ವಿವರಿಸಿಲ್ಲ. ಆದರೆ ಆಕ್ಸೆಸ್ ಪಳಗಿದವರೆಲ್ಲ ಎಷ್ಟೋ ವರ್ಷದಿಂದ ಬಳಸುತ್ತಿದ್ದಾರೆ. ಒಂದು ಫಾರ್ಮ್ ಅನ್ನು, ಅದರ ಪ್ರಾಪರ್ಟಿ, ಕಂಟ್ರೋಲ್, ಕೋಡ್ ಎಲ್ಲ ಸೇರಿಸಿ, ಒಂದು ಟೆಕ್ಸ್ಟ್ ಫೈಲ್ ಮಾಡಿ ಕೊಡುತ್ತದೆ. ಕ್ವೆರಿ, ರಿಪೋರ್ಟ್, ಮ್ಯಾಕ್ರೋ, ಮಾಡ್ಯೂಲ್‌ಗೂ (ವಿಬಿಎ ಕೋಡ್ ಇರುವ ಹಾಳೆ) ಹಾಗೇ.

ಇದಕ್ಕೆ ಮೂರು ವಿಷಯ ಕೊಡಬೇಕು. ವಸ್ತು ಯಾವ ಬಗೆಯದು ಅನ್ನುವ ಸಂಖ್ಯೆ, ಅದರ ಹೆಸರು, ಟೆಕ್ಸ್ಟ್ ಫೈಲ್ ಎಲ್ಲಿ ಬೀಳಬೇಕು ಅನ್ನುವ ಹಾದಿ. ಸಂಖ್ಯೆ ಕ್ವೆರಿಗೆ 1, ಫಾರ್ಮ್‌ಗೆ 2, ರಿಪೋರ್ಟ್‌ಗೆ 3, ಮ್ಯಾಕ್ರೋಗೆ 4, ಮಾಡ್ಯೂಲ್‌ಗೆ 5. ಆಲ್ಟ್ ಮತ್ತು ಎಫ್11 ಒತ್ತಿ ಕೋಡ್ ಕಿಟಕಿಗೆ ಹೋಗಿ, ಕಂಟ್ರೋಲ್ ಮತ್ತು ಜಿ ಒತ್ತಿದರೆ ಕೆಳಗೆ ಇಮ್ಮೀಡಿಯೇಟ್ ಕಿಟಕಿ ಬರುತ್ತದೆ. ಒಂದೆರಡು ಫಾರ್ಮ್ ಆದರೆ ಅಲ್ಲೇ ಬರೆದು ಎಂಟರ್ ಒತ್ತಿ. ಜಾಸ್ತಿ ಇದ್ದರೆ ಒಂದು ಪುಟ್ಟ ಲೂಪ್ ಬರೆಯಿರಿ. ಕರೆಂಟ್ ಪ್ರಾಜೆಕ್ಟ್‌ನ ಆಲ್ ಫಾರ್ಮ್ಸ್, ಆಲ್ ರಿಪೋರ್ಟ್ಸ್, ಆಲ್ ಮ್ಯಾಕ್ರೋಸ್, ಆಲ್ ಮಾಡ್ಯೂಲ್ಸ್, ಮತ್ತೆ ಕರೆಂಟ್ ಡೇಟಾದ ಆಲ್ ಕ್ವೆರೀಸ್, ಈ ಐದು ಗುಂಪುಗಳನ್ನು ಸುತ್ತಿದರೆ ಸಾಕು. ನಮ್ಮ ಚಾಕಿ ಕೇಂದ್ರದ ಫೈಲ್ ಎರಡು ನಿಮಿಷದಲ್ಲಿ ಒಂದು ಫೋಲ್ಡರ್ ತುಂಬ ಟೆಕ್ಸ್ಟ್ ಆಗಿ ಬಿತ್ತು.

ಈಗ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಫ್ ಒತ್ತಿ. ಫೋಲ್ಡರ್ ತೋರಿಸಿ, ಟೇಬಲ್ ಹೆಸರು ಹಾಕಿ, ಎಲ್ಲ ಫೈಲ್‌ನಲ್ಲೂ ಹುಡುಕಲು ಹೇಳಿ. ಯಾವ ಫೈಲ್, ಎಷ್ಟನೇ ಸಾಲು, ಸಾಲಿನಲ್ಲಿ ಏನಿದೆ, ಎಲ್ಲ ಕೆಳಗೆ ಬರುತ್ತದೆ. ‘ರೇಟ್ ಓಲ್ಡ್’ ಹಾಕಿದಾಗ ಚೀಟಿಯ ರಿಪೋರ್ಟ್ ಮೊದಲ ಸಾಲಿನಲ್ಲೇ ಬಂತು. ಭಾನುವಾರವೇ ಇದನ್ನು ಮಾಡಿದ್ದರೆ ಸೋಮವಾರ ಐದೂವರೆಗೆ ಮಲಗಿರುತ್ತಿದ್ದೆ.

ಇಲ್ಲಿ ನನ್ನನ್ನು ಒದ್ದಾಡಿಸಿದ ಎರಡು ವಿಷಯ ಹೇಳಿಬಿಡುತ್ತೇನೆ. ಒಂದು, ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ಫೈಂಡ್‌ಸ್ಟ್ರ್ ಅನ್ನೋ ಆಜ್ಞೆ ಬಳಸಿ ಹುಡುಕಲು ಹೋಗಬೇಡಿ. ಫಾರ್ಮ್, ರಿಪೋರ್ಟ್‌ಗಳ ಫೈಲ್ ಯುಟಿಎಫ್-16 ರೂಪದಲ್ಲಿ ಬೀಳುತ್ತದೆ, ಫೈಂಡ್‌ಸ್ಟ್ರ್‌ಗೆ ಅದು ಓದಲು ಬರುವುದಿಲ್ಲ. ಬರೀ ಮಾಡ್ಯೂಲ್‌ಗಳಲ್ಲಿ ಹುಡುಕಿ, ಫಾರ್ಮ್‌ಗಳಲ್ಲಿ ಏನೂ ಇಲ್ಲ ಅಂತ ಸುಳ್ಳು ಧೈರ್ಯ ಕೊಡುತ್ತದೆ.

ಎರಡು, ಉದ್ದನೆಯ ಎಸ್‌ಕ್ಯೂಎಲ್ ಇದ್ದರೆ ಸೇವ್-ಆಸ್-ಟೆಕ್ಸ್ಟ್ ಅದನ್ನು ತುಂಡು ತುಂಡು ಮಾಡಿ ಹಲವು ಸಾಲಿಗೆ ಹಾಕುತ್ತದೆ. ಕತ್ತರಿ ಎಲ್ಲಿ ಬೀಳುತ್ತದೆ ಅಂತ ಹೇಳಲಾಗದು. ಕೆಲವು ಸಲ ಟೇಬಲ್ ಹೆಸರಿನ ನಡುವೆಯೇ ಬೀಳುತ್ತದೆ. ಮೇಲಿನ ಸಾಲಿನ ಕೊನೆಯಲ್ಲಿ ‘ಎಗ್‌ಸ್ಟಾ’, ಕೆಳಗಿನ ಸಾಲಿನ ಶುರುವಿನಲ್ಲಿ ‘ಕ್’. ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಎರಡನೇ ಸುತ್ತನ್ನೂ ಬಿಡಬೇಡಿ ಅನ್ನುವುದು. ಅಲ್ಲಿ ಹೆಸರು ಇಡಿಯಾಗಿ ಇರುತ್ತದೆ. ಎರಡರಲ್ಲಿ ಒಂದು ತಪ್ಪಿಸಿದ್ದನ್ನು ಇನ್ನೊಂದು ಹಿಡಿಯುತ್ತದೆ.

ಹೆಸರು ಚಿಕ್ಕದಿದ್ದರೆ ಉಲ್ಟಾ ಕಷ್ಟ. ‘ರೇಟ್’ ಅಂತ ಹುಡುಕಿದರೆ ಇಂಗ್ಲಿಷ್ ಅಕ್ಷರದಲ್ಲಿ ‘ಆಪರೇಟ್’, ‘ಜನರೇಟ್’ ಎಲ್ಲದರ ಬಾಲದಲ್ಲೂ ಅದೇ ಇದೆ. ನೂರಾರು ಸಾಲು ಬಂದು ತಲೆ ಕೆಡುತ್ತದೆ. ಪೂರ್ತಿ ಪದ ಮಾತ್ರ ಹೊಂದಿಸು ಅನ್ನುವ ಆಯ್ಕೆಗೆ ಟಿಕ್ ಹಾಕಿ.

ಟೇಬಲ್‌ಗಳ ಒಳಗಿನ ಲುಕಪ್ ಕಾಲಂ ಮತ್ತು ಡೇಟಾ ಮ್ಯಾಕ್ರೋಗಳು ಈ ಫೋಲ್ಡರ್‌ಗೆ ಬಂದಿರುವುದಿಲ್ಲ. ಟೇಬಲ್‌ಗಳನ್ನು ಒಂದೊಂದಾಗಿ ಡಿಸೈನ್‌ನಲ್ಲಿ ತೆರೆದು ಲುಕಪ್ ಟ್ಯಾಬ್ ನೋಡಿಬಿಡಿ. ಮೂವತ್ತು ನಲವತ್ತು ಟೇಬಲ್‌ಗೆ ಅರ್ಧ ಗಂಟೆ. ಇದನ್ನೆಲ್ಲ ಕೈಯಲ್ಲಿ ಮಾಡಲು ಆಗದು ಅನ್ನುವವರಿಗೆ ವಿ-ಟೂಲ್ಸ್ ಅನ್ನುವ ಪುಕ್ಕಟೆ ಆಡ್-ಇನ್ ಇದೆ, ದುಡ್ಡು ಕೊಡುವುದಾದರೆ ಟೋಟಲ್ ಆಕ್ಸೆಸ್ ಅನಲೈಜರ್ ಇದೆ. ಆದರೆ ಮುಂದೆ ಹೇಳುವ ತೊಂದರೆ ಅವುಗಳಿಗೂ ತಪ್ಪಿದ್ದಲ್ಲ.

ಕೋಡ್‌ನಲ್ಲಿ ಹೊಲಿದ ಹೆಸರು

ಕೋಡ್ ಬರೆದವರು ಬುದ್ಧಿವಂತರಾದಷ್ಟೂ ಹುಡುಕುವವರಿಗೆ ಕಷ್ಟ. ನಮ್ಮ ಫೈಲ್‌ನಲ್ಲಿ ವರ್ಷಕ್ಕೊಂದು ಬಾಕಿ ಟೇಬಲ್: ‘ಬಾಕಿ2019’, ‘ಬಾಕಿ2020’ ಹೀಗೆ. ಕೋಡ್‌ನಲ್ಲಿ ಎಲ್ಲೂ ‘ಬಾಕಿ2019’ ಅಂತ ಇಲ್ಲ. ‘ಬಾಕಿ’ ಅನ್ನುವ ಅಕ್ಷರಕ್ಕೆ ಪರದೆಯಲ್ಲಿ ಆರಿಸಿದ ವರ್ಷ ಅಂಟಿಸಿ, ಓಡುವ ಹೊತ್ತಿಗೆ ಹೆಸರು ತಯಾರಾಗುತ್ತದೆ. ಎಷ್ಟು ಒಳ್ಳೆಯ ಸಾಧನ ಬಂದರೂ ಇದನ್ನು ಹಿಡಿಯಲಾರದು. ಇಲ್ಲದ ಅಕ್ಷರವನ್ನು ಹುಡುಕುವುದು ಹೇಗೆ?

ನಾನು ಮಾಡುವುದು ಹೀಗೆ. ಟೇಬಲ್ ಹೆಸರು ಬಿಟ್ಟು, ಟೇಬಲ್ ತೆರೆಯುವ ಆಜ್ಞೆಗಳನ್ನೇ ಹುಡುಕುತ್ತೇನೆ. ಓಪನ್ ರೆಕಾರ್ಡ್‌ಸೆಟ್, ಎಕ್ಸಿಕ್ಯೂಟ್, ರನ್ ಎಸ್‌ಕ್ಯೂಎಲ್, ಟ್ರಾನ್ಸ್‌ಫರ್ ಸ್ಪ್ರೆಡ್‌ಶೀಟ್, ಡಿ-ಲುಕಪ್ ಮತ್ತು ಅದರ ಅಣ್ಣತಮ್ಮಂದಿರು. ಜೊತೆಗೆ ಕೋಡ್‌ನಿಂದ ರೆಕಾರ್ಡ್ ಸೋರ್ಸ್, ರೋ ಸೋರ್ಸ್ ಬದಲಾಯಿಸುವ ಸಾಲುಗಳು. ಒಂದೊಂದು ಸಾಲಿನಲ್ಲೂ ಹೆಸರು ಪೂರ್ತಿ ಇದೆಯಾ, ಅಥವಾ ಆಂಪರ್‌ಸ್ಯಾಂಡ್ ಹಾಕಿ ಹೊಲಿದಿದ್ದಾರಾ ನೋಡಿ. ಹೊಲಿದ ಕಡೆ ಕೆಂಪು ಗುರುತು ಮಾಡಿಕೊಂಡು, ಆ ಅರ್ಧ ಹೆಸರಿನಿಂದ ಶುರುವಾಗುವ ಟೇಬಲ್‌ಗಳನ್ನೆಲ್ಲ ‘ಬಳಕೆಯಲ್ಲಿದೆ’ ಅಂತಲೇ ಬರೆದುಕೊಳ್ಳಿ. ಕೋಡ್ ಕಿಟಕಿಯಲ್ಲೇ ಹುಡುಕುವುದಾದರೆ ಕಂಟ್ರೋಲ್ ಎಫ್ ಒತ್ತಿದ ಮೇಲೆ ಕರೆಂಟ್ ಪ್ರಾಜೆಕ್ಟ್ ಆರಿಸಿ. ಇಲ್ಲದಿದ್ದರೆ ತೆರೆದಿರುವ ಒಂದೇ ಮಾಡ್ಯೂಲ್ ನೋಡಿ ಸುಮ್ಮನಾಗುತ್ತದೆ.

ಹೊರಗಿನವರು

ಇದನ್ನು ಕಂಪ್ಯೂಟರ್ ಹೇಳುವುದಿಲ್ಲ, ಜನ ಹೇಳಬೇಕು. ‘ಬೇರೆ ಯಾರಾದರೂ ಈ ಲೆಕ್ಕ ನೋಡ್ತಾರಾ?’ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಹಾಗೆ ಕೇಳಬೇಡಿ. ‘ತಿಂಗಳ ಕೊನೇಲಿ ಏನೇನು ಪ್ರಿಂಟ್ ತೆಗೀತೀರಿ? ಎಲ್ಲಿಂದ?’ ಅಂತ ಕೇಳಿ. ಆಗ ಬಾಯಿ ಬಿಡುತ್ತಾರೆ. ನಮ್ಮಲ್ಲಿ ಲೆಕ್ಕ ಬರೆಯುವವರು ಎಕ್ಸೆಲ್ ತೆರೆದು ರಿಫ್ರೆಶ್ ಒತ್ತುತ್ತಿದ್ದರು. ಆ ಶೀಟ್ ನೇರವಾಗಿ ಬ್ಯಾಕ್ ಎಂಡ್‌ನ ‘ಫಾರ್ಮರ್’ ಟೇಬಲ್‌ಗೆ ಜೋಡಣೆಯಾಗಿತ್ತು. ಅವರಿಗೆ ಅದು ಆಕ್ಸೆಸ್ ಅಂತಲೇ ಗೊತ್ತಿರಲಿಲ್ಲ. ಎಕ್ಸೆಲ್‌ನ ಡೇಟಾ ಟ್ಯಾಬ್‌ನಲ್ಲಿ ಕ್ವೆರೀಸ್ ಅಂಡ್ ಕನೆಕ್ಷನ್ಸ್ ತೆರೆದರೆ ಇದು ಕಾಣುತ್ತದೆ. ವಿಳಾಸದ ಲೇಬಲ್‌ಗೆ ವರ್ಡ್‌ನ ಮೇಲ್ ಮರ್ಜ್ ಬಳಸುವವರನ್ನೂ ವಿಚಾರಿಸಿ. ಹಳೇ ಲ್ಯಾಪ್‌ಟಾಪ್‌ನಲ್ಲಿ ಹಳೇ ಫ್ರಂಟ್ ಎಂಡ್ ಇನ್ನೂ ಓಡುತ್ತಿದೆಯಾ, ಅದನ್ನೂ.

ಒಂದು ಶೀಟ್‌ನಲ್ಲಿ ಬರೆದಿಡುವುದು

ಎರಡನೇ ಸುತ್ತಿನಲ್ಲಿ ಎಕ್ಸೆಲ್‌ಗೆ ಹಾಕಿಟ್ಟ ಟೇಬಲ್ ಪಟ್ಟಿ ಈಗ ತೆಗೆಯಿರಿ. ಟೇಬಲ್ ಹೆಸರು, ಯಾರು ಓದುತ್ತಾರೆ, ಯಾರು ಬರೆಯುತ್ತಾರೆ, ಎಲ್ಲಿ ಸಿಕ್ಕಿತು, ಯಾವಾಗ ನೋಡಿದ್ದು. ಇಷ್ಟೇ ಕಾಲಂ. ನಮ್ಮ ‘ರೇಟ್ ಓಲ್ಡ್’ ಸಾಲಿನಲ್ಲಿ ಹೀಗಿದೆ: ಓದುವುದು, ಹುಳು ಕೊಡುವ ಚೀಟಿಯ ರಿಪೋರ್ಟ್, ದರದ ಟೆಕ್ಸ್ಟ್ ಬಾಕ್ಸ್, ಡಿ-ಲುಕಪ್. ಬರೆಯುವುದು, ಯಾರೂ ಇಲ್ಲ, ದರ ಬದಲಾದಾಗ ಯಜಮಾನರ ಮಗ ಕೈಯಲ್ಲೇ ಸೇರಿಸುತ್ತಾನೆ. ಈ ಕೊನೇ ಮಾತು ಯಾವ ಸಾಧನಕ್ಕೂ ಸಿಗುವಂಥದ್ದಲ್ಲ.

ಓದುವುದು ಬೇರೆ, ಬರೆಯುವುದು ಬೇರೆ ಅಂತ ಯಾಕೆ ಅಂದರೆ, ಬರೆಯುವವರು ಇದ್ದು ಓದುವವರು ಇಲ್ಲದ ಟೇಬಲ್ ನಿಜಕ್ಕೂ ದಂಡ. ಓದುವವರು ಇದ್ದು ಬರೆಯುವವರು ಇಲ್ಲದ್ದು ಸಾಮಾನ್ಯವಾಗಿ ದರ, ಊರು, ತಳಿ ಇಂಥ ಪಟ್ಟಿ. ಅದನ್ನು ಮುಟ್ಟಬೇಡಿ.

ಅಳಿಸುವ ಮುಂಚೆ ಹೆಸರು ಬದಲಿಸಿ

ಎಲ್ಲ ಸುತ್ತೂ ಮುಗಿದು ಯಾರ ಹೆಸರೂ ಸಿಗದ ಟೇಬಲ್‌ಗಳನ್ನೂ ಅಳಿಸಬೇಡಿ. ಹೆಸರಿನ ಮುಂದೆ ಎರಡು ಜೆಡ್ ಸೇರಿಸಿ. ಪಟ್ಟಿಯ ತಳಕ್ಕೆ ಹೋಗಿ ಕೂರುತ್ತವೆ, ಡೇಟಾ ಹಾಗೇ ಇರುತ್ತದೆ. ಯಾರಾದರೂ ಹಳೇ ಹೆಸರಿನಲ್ಲಿ ಕರೆದರೆ ಟೇಬಲ್ ಅಥವಾ ಕ್ವೆರಿ ಸಿಗಲಿಲ್ಲ ಅಂತ 3078 ಸಂಖ್ಯೆಯ ಎರರ್ ಬರುತ್ತದೆ. ಹೆಸರು ಮತ್ತೆ ಸರಿ ಮಾಡಿದರೆ ಒಂದು ನಿಮಿಷದ ಕೆಲಸ.

ಆದರೆ ಮುಂಚೆ ನೇಮ್ ಆಟೋಕರೆಕ್ಟ್‌ನ ಪರ್ಫಾರ್ಮ್ ಆಯ್ಕೆ ಆಫ್ ಮಾಡಿ. ಟ್ರ್ಯಾಕ್ ಇರಲಿ, ಪರ್ಫಾರ್ಮ್ ಬೇಡ. ಅದು ಆನ್ ಇದ್ದರೆ ನೀವು ಹೆಸರು ಬದಲಿಸಿದ ಕೂಡಲೇ ಆಕ್ಸೆಸ್ ಉಪಕಾರ ಮಾಡಲು ಬರುತ್ತದೆ. ಆ ಟೇಬಲ್ ಬಳಸುವ ಕ್ವೆರಿ, ಫಾರ್ಮ್‌ಗಳಲ್ಲೆಲ್ಲ ಹೊಸ ಹೆಸರು ತಾನೇ ಹಾಕುತ್ತದೆ. ಎರರ್ ಬರುವುದಿಲ್ಲ, ಯಾರೂ ಬಳಸುತ್ತಿಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ಅಳಿಸಿದ ದಿನ ಎಲ್ಲ ಒಟ್ಟಿಗೆ ಬೀಳುತ್ತದೆ.

ಫೈಲ್ ಎರಡು ಭಾಗ ಆಗಿದ್ದರೆ, ಒಂದು ಕಂಪ್ಯೂಟರ್‌ನ ಲಿಂಕ್ ಹೆಸರು ಬದಲಿಸಿದರೆ ಆ ಕಂಪ್ಯೂಟರ್ ಮಾತ್ರ ಪರೀಕ್ಷೆ ಆದಂತೆ. ಎಲ್ಲರನ್ನೂ ಪರೀಕ್ಷಿಸಬೇಕಾದರೆ ಬ್ಯಾಕ್ ಎಂಡ್‌ನಲ್ಲೇ ಬದಲಿಸಿ. ಲಿಂಕ್ ಮುರಿದರೆ ಎರರ್‌ನ ಮಾತು ಸ್ವಲ್ಪ ಬೇರೆ ಇರಬಹುದು, ಗಾಬರಿ ಬೇಡ. ಬದಲಿಸುವುದು ಕೂಡ ಹುಳು ಕೊಡುವ ದಿನ ಅಲ್ಲ, ಅದರ ಮಾರನೇ ದಿನ.

ಎಷ್ಟು ದಿನ ಕಾಯಬೇಕು? ನಾನು ಮೊದಲು ಎರಡು ಮೂರು ಬ್ಯಾಚ್ ಸಾಕು ಅಂದುಕೊಂಡಿದ್ದೆ. ಒಂಬತ್ತು ಟೇಬಲ್‌ಗೆ ಜೆಡ್ ಹಾಕಿ ಡಿಸೆಂಬರ್‌ನಲ್ಲಿ ಬಿಟ್ಟೆ. ಜನವರಿ, ಫೆಬ್ರವರಿ, ಮಾರ್ಚ್ ಒಂದು ಸದ್ದಿಲ್ಲ. ಏಪ್ರಿಲ್ ಮೊದಲ ವಾರ ಹುಡುಗಿ ಫೋನ್ ಮಾಡಿದಳು. ‘ಸಾರ್, 3078. ಹೋದ ವರ್ಷದ ಬಾಕಿ ಈ ವರ್ಷಕ್ಕೆ ತರೋ ಬಟನ್ ಒತ್ತಿದೆ.’ ವರ್ಷಕ್ಕೆ ಒಂದೇ ಸಲ ಒತ್ತುವ ಬಟನ್. ಅದಕ್ಕೆ ‘ಟೆಂಪ್2’ ಬೇಕಿತ್ತು. ಹೆಸರು ಕೋಡ್‌ನಲ್ಲಿ ‘ಟೆಂಪ್’ ಮತ್ತು ಒಂದು ಅಂಕಿ ಸೇರಿಸಿ ಹೊಲಿದದ್ದು, ನಾನೇ ಕೆಂಪು ಗುರುತು ಹಾಕಲು ಮರೆತಿದ್ದೆ. ಫೋನ್‌ನಲ್ಲೇ ಹೇಳಿದೆ, ಅವಳೇ ಜೆಡ್ ತೆಗೆದಳು, ಮತ್ತೆ ಒತ್ತಿದಳು, ಆಯಿತು. ಉಳಿದ ಎಂಟು ಇನ್ನೂ ಪಟ್ಟಿಯ ತಳದಲ್ಲೇ ಇವೆ. ಮುಂದಿನ ಏಪ್ರಿಲ್ ಕಳೆಯಲಿ.